ಕುರುಕ್ಷೇತ್ರದ ಪಕ್ಕವಾದ್ಯ

ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡದ ಊರು ಕಡಿಮೆ. ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿದವರು ಇರುಳಿಡೀ ಹಾಡುತ್ತಾರೆ. ಅವರ ಬಣ್ಣ, ಕಿರೀಟ, ಕಂಠದ ಬಗ್ಗೆ ಮಾತಾಡುವವರು ಬೇಕಾದಷ್ಟು ಮಂದಿ. ರಂಗದ ಪಕ್ಕದಲ್ಲಿ ಕೂತು ನುಡಿಸುವವರ ಬಗ್ಗೆ ಯಾರೂ ಬರೆಯುವುದಿಲ್ಲ.

ಅಲ್ಲಿ ಹಾರ್ಮೋನಿಯಂ ಮೇಷ್ಟ್ರೇ ಗುರು, ಅವರೇ ನಿರ್ದೇಶಕರು. ತಿಂಗಳುಗಟ್ಟಲೆ ತಾಲೀಮು ಮಾಡಿಸಿ ಶ್ರುತಿ ನಿಲ್ಲದ ಗಂಟಲನ್ನೂ ರಾಗಕ್ಕೆ ಒಗ್ಗಿಸಿರುತ್ತಾರೆ. ದುರ್ಯೋಧನ ಕಂದಪದ್ಯ ಎತ್ತಿಕೊಂಡಾಗ ಗಮನಿಸಿ. ತಬಲಾ ಸುಮ್ಮನಿರುತ್ತದೆ. ನಟ ಒಂದಕ್ಷರವನ್ನು ಎಳೆದಷ್ಟೂ ಹಾರ್ಮೋನಿಯಂ ನೆರಳಿನಂತೆ ಹಿಂದೆಯೇ ಬರುತ್ತದೆ. ಅವನ ಉಸಿರು ನಿಂತಲ್ಲಿ ತಾನು ತುಂಬಿ, ಮುಂದಿನ ಸಾಲಿಗೆ ಷಡ್ಜ ತೋರಿಸುತ್ತದೆ. ಪದ್ಯ ಮುಗಿದು ಹಾಡಿಗೆ ಹೊರಳಿದ ಮೇಲಷ್ಟೇ ತಾಳ. ಹೀಗೆ ಕಾಯುವ ವಿದ್ಯೆ ಕಂಪನಿ ನಾಟಕಗಳ ಆಸ್ತಿ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಹೆಸರು ಇಲ್ಲಿ ಮೊದಲು ಬರಬೇಕು.

ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ವಾದ್ಯ ಹೊಸದೆಂಬ ತಕರಾರು ನನಗಿಲ್ಲ. ಹಾರ್ಮೋನಿಯಂ ಕೂಡ ವಿದೇಶದಿಂದ ಬಂದ ಪೆಟ್ಟಿಗೆಯೇ. ಆದರೆ ಭೀಮ ಗದೆ ಎತ್ತಿದರೂ ಗುಡುಗು, ಶಕುನಿ ದಾಳ ಉರುಳಿಸಿದರೂ ಗುಡುಗು, ಕೃಷ್ಣ ನಕ್ಕರೂ ಅದೇ ಗುಡುಗು! ಗುಬ್ಬಿ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’ದ ವೈಭವವನ್ನು ನಮ್ಮವರು ಸ್ಪೀಕರ್ ಡಬ್ಬಗಳಲ್ಲಿ ಹುಡುಕುತ್ತಿರುವಂತಿದೆ.

ಅದೇ ಕಂಪನಿಯಲ್ಲಿ ಹುಡುಗನಾಗಿದ್ದಾಗ ಪಾತ್ರ ಮಾಡಿದ ರಂಗನಿರ್ದೇಶಕ ಬಿ.ವಿ. ಕಾರಂತರು (1929–2002) ಬೇರೆಯೇ ಪಾಠ ಕಲಿತರು. ವೀರಣ್ಣನವರು ಅವರನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಹಿಂದೂಸ್ತಾನಿ ಸಂಗೀತವೂ ದಕ್ಕಿತು. ಆಮೇಲೆ ಕಾರಂತರಿಗೆ ಕಲ್ಲು, ಬಿದಿರು, ನಟರ ಬಾಯಿಂದ ಹೊರಟ ಸದ್ದು ಎಲ್ಲವೂ ವಾದ್ಯವೇ. ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳನ್ನು ಕಥೆಯೊಳಕ್ಕೇ ಹೆಣೆದರು. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅವರಲ್ಲೂ ಕೆಲವೊಮ್ಮೆ ಹಾಡು ಮಾತನ್ನು ನುಂಗಿತೆಂಬ ದೂರು ಪೂರಾ ಸುಳ್ಳಲ್ಲ. ಆದರೂ ಯಾವ ಸದ್ದು ಎಲ್ಲಿಗೆ, ಎಷ್ಟು ಎಂಬ ಲೆಕ್ಕ ಅವರಿಗಿತ್ತು. ಗುಬ್ಬಿ ಕಂಪನಿಯ ಸಂಗೀತಕ್ಕೆ ನಿಜವಾದ ವಾರಸುದಾರರು ಅವರೇ ಎನ್ನುತ್ತೇನೆ, ಪ್ಯಾಡಿನವರಲ್ಲ.

ನಾಟಕ ಕಟ್ಟುವ ಸಂಘಗಳವರಲ್ಲಿ ಒಂದು ವಿನಂತಿ. ಮುಂದಿನ ಸಲ ಮುಂಗಡ ಕೊಡುವಾಗಲೇ ಪ್ಯಾಡು ಯುದ್ಧದ ದೃಶ್ಯಕ್ಕೆ ಮಾತ್ರ ಎಂದು ಮಾತಾಡಿಕೊಳ್ಳಿ. ಕಂದಕ್ಕೆ ಮೇಷ್ಟ್ರ ಹಾರ್ಮೋನಿಯಂ ಒಂದೇ ಸಾಕು.