ಸ್ಟಾಂಪಿನಲ್ಲಿ ಉಳಿದ ಸೋಪಾನಗಳು

ಪ್ರಸಿದ್ಧವಾದ ಸೃಷ್ಟಿದೃಶ್ಯಗಳ ಕಾರ್ಡುಗಳನ್ನೂ ಸ್ಟಾಂಪುಗಳನ್ನೂ ಕೂಡಿಡುವವರು ಸಾಮಾನ್ಯವಾಗಿ ಎರಡನ್ನೇ ವಿಚಾರಿಸುತ್ತಾರೆ: ಚಿತ್ರವು ಅಂದವಾಗಿದೆಯೇ, ಪ್ರತಿಯು ವಿರಳವೇ. ಚಿತ್ರವು ನಿಜವನ್ನು ನುಡಿಯುತ್ತಿದೆಯೇ ಎಂದು ಕೇಳುವವರು ಕಡಮೆ. ನ್ಯೂಜಿಲೆಂಡಿನ ಸರಕಾರವು 1898ರಲ್ಲಿ ಹೊರಡಿಸಿದ ಚಿತ್ರಮಾಲೆಯನ್ನು ನೋಡುವವರು ಈ ಮೂರನೆಯ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ.

ಬ್ರಿಟಿಷ್ ಸಾಮ್ರಾಜ್ಯದ ಸ್ಟಾಂಪುಗಳಲ್ಲಿ ರಾಣಿಯ ಮುಖವೇ ಮುಖ್ಯವಾಗಿದ್ದ ಆ ಕಾಲದಲ್ಲಿ ಒಂದು ದೇಶವು ತನ್ನ ಗಿರಿಸರೋವರಗಳಿಗೂ ಪಕ್ಷಿಗಳಿಗೂ ಆ ಸ್ಥಾನವನ್ನು ಕೊಟ್ಟುದು ಮೆಚ್ಚತಕ್ಕುದೇ ಸರಿ. ಎರಡೂವರೆ ಪೆನ್ನಿಯ ಸ್ಟಾಂಪಿನಲ್ಲಿ ವಾಕಟಿಪು ಸರೋವರದ ಹೆಸರು ‘ವಾಕಿಟಿಪು’ ಎಂದು ಅಚ್ಚಾಯಿತು, ಆಮೇಲೆ ತಿದ್ದಿದರು. ಸಂಗ್ರಾಹಕರ ಬಾಯಲ್ಲಿ ಇಂದಿಗೂ ಮೆರೆಯುತ್ತಿರುವುದು ಈ ಒಂದಕ್ಷರದ ತಪ್ಪು.

ಅದಕ್ಕಿಂತ ಹಿರಿದಾದ ಸಂಗತಿ ನಾಲ್ಕು ಪೆನ್ನಿಯ ಸ್ಟಾಂಪಿನಲ್ಲಿದೆ. ರೋಟೊಮಹಾನ ಸರೋವರದ ತಡಿಯ ಬಿಳಿಯ ಸೋಪಾನವು ಅಲ್ಲಿಯ ಚಿತ್ರ. ಬುಗ್ಗೆಯ ಬಿಸಿನೀರು ತನ್ನೊಳಗಿನ ಸಿಲಿಕವನ್ನು ಪದರಪದರವಾಗಿ ಬಿಟ್ಟು, ಕೊಳದ ಕೆಳಗೊಂದು ಕೊಳವಾಗಿ ಸರೋವರದವರೆಗೂ ಕಟ್ಟಿದ ಮೆಟ್ಟಿಲುಗಳವು. ಅದರ ತಂಗಿಯಂತಿದ್ದ ನಸುಗೆಂಪಿನ ಸೋಪಾನವು ಒಂಬತ್ತು ಪೆನ್ನಿಯದರಲ್ಲಿದೆ. ಸ್ಟಾಂಪು ಹೊರಬೀಳುವ ಹೊತ್ತಿಗೆ ಈ ಎರಡೂ ಇರಲಿಲ್ಲ. 1886ನೆಯ ಜೂನ್ 10ರಂದು ತರವೇರ ಪರ್ವತವು ಬೆಂಕಿಯುಗುಳಿದಾಗ ಕಣ್ಮರೆಯಾಗಿದ್ದುವು. ಅಂದು ನೂರಕ್ಕೂ ಮಿಕ್ಕ ಜನರು ಮಡಿದರು. ಅವರಲ್ಲಿ ಬಹುಮಂದಿ ಮಾವೋರಿಗಳು. ಪ್ರವಾಸಿಗರಿಗೆ ದಾರಿದೋರಿ, ದೋಣಿ ನಡಸಿ ಬಾಳುತ್ತಿದ್ದ ಟುಹೊರಂಗಿ ಕುಲದವರು ನೆಲೆಯನ್ನೂ ಜೀವನೋಪಾಯವನ್ನೂ ಒಂದೇ ರಾತ್ರಿಯಲ್ಲಿ ಕಳೆದುಕೊಂಡರು.

ಸ್ಟಾಂಪಿನಲ್ಲಿ ಇದರ ಸುಳಿವೇ ಇಲ್ಲ. ಹನ್ನೆರಡು ವರ್ಷಗಳ ಹಿಂದೆ ಹೋದುದನ್ನು ಈಗಲೂ ಇರುವಂತೆ ದೇಶದೇಶಗಳಿಗೆ ಕಳುಹಿದುದು ಚಿತ್ರಕಾರನ ದೋಷವಲ್ಲ, ಆರಿಸಿದವರ ಅನೌಚಿತ್ಯ. ಒಂದು ಇಸವಿಯನ್ನು ಮೂಲೆಯಲ್ಲಿ ಕೆತ್ತಿಸಿದ್ದರೆ ಸಾಕಾಗಿತ್ತು. ಆಗ ಅದೇ ಚಿತ್ರವು ಕರುಣರಸಕ್ಕೆ ವಿಭಾವವಾಗುತ್ತಿತ್ತು. ಈಗ ಅದು ಬರಿಯ ಅದ್ಭುತ; ಅದ್ಭುತವಾದರೂ ಪ್ರವಾಸದ ಜಾಹಿರಾತಿನದು. ಬಣ್ಣವೂ ಮಾತು ತಪ್ಪಿದೆ. ಬಿಳಿಯ ಸೋಪಾನವನ್ನು ಗುಲಾಬಿಯಲ್ಲಿಯೂ ನಸುಗೆಂಪಿನದನ್ನು ನೇರಿಳೆಯಲ್ಲಿಯೂ ಅಚ್ಚುಹಾಕಿದರು! ಅಂಚೆಯವರಿಗೆ ಬಣ್ಣವೆಂದರೆ ಬೆಲೆಯ ಗುರುತು. ಅದನ್ನು ಹೆಚ್ಚಾಗಿ ಹಳಿಯಲಾಗದು.

ಸಂಗ್ರಾಹಕನ ಹೊಣೆ ಬೇರೆ. ಲಕೋಟೆಯಿಂದ ಸ್ಟಾಂಪನ್ನು ನೆನಸಿ ಬಿಡಿಸುವವನು ವಿಳಾಸವನ್ನೂ ಊರನ್ನೂ ಕಳೆಯುತ್ತಾನೆ. ಚಿತ್ರದ ಕಾರ್ಡನ್ನು ಪುಸ್ತಕಕ್ಕೆ ಅಂಟಿಸುವವನು ಅದರ ಬೆನ್ನಿನ ಬರಹವನ್ನು ಹೂಳುತ್ತಾನೆ. ಸರಕಾರವು ಕೆತ್ತದ ಇಸವಿಯನ್ನು ಅವನಾದರೂ ಚಿತ್ರದ ಕೆಳಗೆ ಬರೆದಿಡಬಹುದು. ಇದೇ ಮಾಲೆಯ ಮೂರು ಪೆನ್ನಿಯ ಸ್ಟಾಂಪಿನಲ್ಲಿ ಹುಯಿಯ ಹಕ್ಕಿಗಳಿವೆ. ಸ್ಟಾಂಪು ಹೊರಟಾಗ ಅವು ಕಾಡಿನಲ್ಲಿದ್ದುವು. ಅವನ್ನು ಕಂಡುದಕ್ಕೆ ಖಚಿತವಾದ ಕೊನೆಯ ದಾಖಲೆ 1907ರದು.