ಹಿಂದಲೆಯ ಲೆಕ್ಕ

ಕೂದಲು ಕಸಿಯ ಜಾಹೀರಾತುಗಳಲ್ಲಿ ಹಣೆಯದೇ ದರ್ಬಾರು. ಮೊದಲು ಬೋಳು, ಆಮೇಲೆ ದಟ್ಟ ಕ್ರಾಪು. ಆ ಕೂದಲು ಹೊರಟುಬಂದ ಹಿಂದಲೆಯ ಚಿತ್ರವನ್ನು ತೋರಿಸುವವರು ಕಡಿಮೆ. ಕೆಲಸದ ಗುಣವನ್ನು ಅಳೆಯಬೇಕಾದದ್ದು ಅಲ್ಲೇ ಎಂಬುದು ನನ್ನ ತಕರಾರು.

ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗಿ ವಿಗ್ಗಿಗೋ ಚೌರಿಗೋ ಹೋಗುತ್ತದೆಯೇ ಹೊರತು ಕಸಿಗೆ ಬರುವುದಿಲ್ಲ. ಇನ್ನೊಬ್ಬರ ಕೂದಲನ್ನು ಬುಡಸಮೇತ ತಂದು ನೆಟ್ಟರೂ ದೇಹ ಅದನ್ನು ಒಪ್ಪದು. ತದ್ರೂಪಿ ಅವಳಿಗಳ ಮಾತು ಬೇರೆ. ಉಳಿದವರೆಲ್ಲ ತಮ್ಮ ಕೂದಲನ್ನು ತಾವೇ ಕೊಟ್ಟುಕೊಳ್ಳಬೇಕು. ಗಂಡಸರ ಬೋಳಿನಲ್ಲಿ ನೆತ್ತಿಯ ಕೂದಲ ಬುಡಗಳು ಡಿಎಚ್‌ಟಿ ಹಾರ್ಮೋನಿಗೆ ಸೊರಗುತ್ತವೆ. ಎರಡು ಕಿವಿಗಳ ನಡುವೆ ಹಿಂದಲೆಯಲ್ಲಿ ಹಾಯುವ ಪಟ್ಟಿಯವು ಅದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಅಲ್ಲಿಂದ ತೆಗೆದದ್ದನ್ನು ಮುಂದೆ ನೆಟ್ಟರೂ ಅದು ತನ್ನ ಹುಟ್ಟುಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1959ರ ಪ್ರಬಂಧದಲ್ಲಿ ತೋರಿಸಿದ. ಇಡೀ ಉದ್ಯಮ ನಿಂತಿರುವುದು ಈ ಒಂದು ತಿಳಿವಿನ ಮೇಲೆ. ಆ ಕಾಲದ ಸುಮಾರು 4 ಮಿಲಿಮೀಟರ್ ಅಗಲದ ತುಂಡುಗಳು ಮಾತ್ರ ಗೊಂಬೆಯ ತಲೆಯಂತೆ ಗೊಂಚಲು ಗೊಂಚಲಾಗಿ ಕಾಣುತ್ತಿದ್ದವು.

ಈಗ ನೆಡುವುದು ಒಂದರಿಂದ ನಾಲ್ಕು ಕೂದಲಿರುವ ಸಣ್ಣ ಗ್ರಾಫ್ಟುಗಳನ್ನು. ಅವನ್ನು ತೆಗೆಯುವ ದಾರಿ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯ ಚರ್ಮದ ಉದ್ದನೆಯ ಪಟ್ಟಿಯನ್ನೇ ಕತ್ತರಿಸಿ, ಹೊಲಿಗೆ ಹಾಕಿ, ಸೂಕ್ಷ್ಮದರ್ಶಕದಡಿ ಬಿಡಿಸುತ್ತಾರೆ. ಒಂದು ಗೆರೆ ಉಳಿಯುತ್ತದೆ. ಎಫ್‌ಯುಇಯಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಕೊಳವೆಯಿಂದ ಒಂದೊಂದೇ ಕೊರೆದು ಕೀಳುತ್ತಾರೆ. ‘ಹೊಲಿಗೆಯಿಲ್ಲ, ಕಲೆಯಿಲ್ಲ’ ಎಂಬ ಪ್ರಚಾರದಲ್ಲಿ ಮೊದಲರ್ಧ ನಿಜ. ಎರಡು ಸಾವಿರ ಗ್ರಾಫ್ಟು ತೆಗೆದರೆ ಎರಡು ಸಾವಿರ ಪುಟ್ಟ ಕಲೆಗಳು. ಕೂದಲು ಬಿಟ್ಟಿರುವಷ್ಟು ದಿನ ಮುಚ್ಚಿರುತ್ತವೆ, ಮಷಿನ್ ಹಾಕಿಸಿ ತೀರ ಗಿಡ್ಡ ಮಾಡಿಸಿದರೆ ಬಿಳಿ ಚುಕ್ಕೆಗಳಾಗಿ ಇಣುಕುತ್ತವೆ.

ಎಫ್‌ಯುಇ ಕೆಟ್ಟದ್ದೆಂದಲ್ಲ. ಜಾಣ ಕೈ ಅಲ್ಲೊಂದು ಇಲ್ಲೊಂದು ಬಿಡಿಸಿ ತೆಗೆದರೆ ಹಿಂದೆ ಏನೂ ಗೊತ್ತಾಗದು. ಆದರೆ ಗ್ರಾಫ್ಟಿಗಿಷ್ಟು ಎಂದು ದುಡ್ಡು ಎಣಿಸುವ ಕಡೆ ಹೆಚ್ಚು ಕೀಳುವ ಆಸೆ ತಾನಾಗಿ ಹುಟ್ಟುತ್ತದೆ. ಸುರಕ್ಷಿತ ಪಟ್ಟಿ ದಾಟಿ ನೆತ್ತಿಯ ಅಂಚಿಗೋ ಕುತ್ತಿಗೆಯ ಕೆಳಕ್ಕೋ ಕೈ ಹಾಕಿದರೆ, ಅಲ್ಲಿಂದ ಬಂದದ್ದು ಮುಂದೆ ಉದುರಿಹೋಗಬಹುದು. ಪಟ್ಟಿಯೊಳಗೇ ಒತ್ತಾಗಿ ಕಿತ್ತರೆ ಹಿಂದಲೆ ಹುಳು ತಿಂದಂತಾಗುತ್ತದೆ. ಬುಡವೇ ಹೋದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲವಲ್ಲ. ಹಿಂದಲೆ ಬರಿದಾದವರಿಗೆ ಗಡ್ಡ, ಎದೆಯ ಕೂದಲನ್ನೂ ತೆಗೆಯುತ್ತಾರೆ. ಗಡ್ಡದ್ದು ದಪ್ಪ, ಒರಟು. ನೆತ್ತಿಯ ನಡುವೆ ಬೆರೆಸಿದರೆ ನಡೆಯುತ್ತದೆ, ಹಣೆಯಂಚಿಗೆ ಸಲ್ಲದು. ಎದೆಯದು ಉದ್ದ ಬೆಳೆಯುವುದಿಲ್ಲ.

ಇಪ್ಪತ್ತೆರಡರ ಹುಡುಗ ಹೈಸ್ಕೂಲಿನಲ್ಲಿದ್ದಂಥ ಹಣೆಯಂಚನ್ನೇ ಕೇಳಿದಾಗ ಹ್ಞೂಂ ಅಂದುಬಿಡುವ ವೈದ್ಯರ ಬಗ್ಗೆ ನನಗೆ ಸಿಟ್ಟಿದೆ. ಅವನ ಬೋಳು ಎಲ್ಲಿಗೆ ನಿಲ್ಲುತ್ತದೆಂದು ಆ ವಯಸ್ಸಿನಲ್ಲಿ ಹೇಳಲಾಗದು. ನೆಟ್ಟದ್ದು ಮುಂದೆ ಉಳಿದು, ಹಿಂದಿನ ನೆತ್ತಿ ಬರಿದಾದಾಗ ತುಂಬಲು ಸರಕೇ ಇರುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿಯೇ ಗ್ರಾಫ್ಟಿನ ಸಂಖ್ಯೆ ಹೇಳಿಬಿಡುವ ಕ್ಲಿನಿಕ್ಕಿಗಿಂತ, ಹಿಂದಲೆಗೆ ಭೂತಗನ್ನಡಿ ಹಿಡಿದು ಚದರ ಸೆಂಟಿಮೀಟರಿಗೆ ಎಷ್ಟಿದೆ ಎಂದು ಎಣಿಸಿ, ‘ಸದ್ಯಕ್ಕೆ ಬೇಡ, ಔಷಧಿ ನೋಡೋಣ’ ಎಂದು ವಾಪಸು ಕಳಿಸುವ ವೈದ್ಯರೇ ಮೇಲು.