ಗೋಧಿ, ಹಾಲು ಸೇರದವರ ಕ್ರಿಸ್‌ಮಸ್ ತಟ್ಟೆ

ಕ್ರಿಸ್‌ಮಸ್ ಬರುವ ಹೊತ್ತಿಗೆ ಹಿರಿಯೂರು ತಾಲ್ಲೂಕಿನ ಐಮಂಗಲ ಹೋಬಳಿಯ ಬಯಲಿನಲ್ಲಿ ರಾಗಿಯ ಕೊಯ್ಲು ಬಹುಪಾಲು ಮುಗಿದಿರುತ್ತದೆ, ಸಂತೆಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ, ಶೇಂಗಾ ಮನೆ ಸೇರಿರುತ್ತದೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಜಲಾಶಯದ ಕೆಳಗಿನ ತೋಟಗಳಲ್ಲಿಯೂ ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿಯೂ ತೆಂಗಿಗೆ ಬರವಿರುವುದಿಲ್ಲ. ಇಷ್ಟಿದ್ದೂ ಹೆದ್ದಾರಿ 48ರ ಬದಿಯ ಬೇಕರಿಗಳ ಗಾಜಿನ ಕಪಾಟಿನಲ್ಲಿ ಹಬ್ಬದ ಹೆಸರಿನಲ್ಲಿ ಕಾಣಿಸುವುದು ಮೈದಾ, ಬೆಣ್ಣೆ ಮತ್ತು ಹಾಲಿನ ಪುಡಿಗಳ ಕೇಕೇ. ಗೋಧಿಯೂ ಹಾಲೂ ಮೈಗೆ ಒಗ್ಗದವರಿಗೆ ಆ ಕಪಾಟಿನಲ್ಲಿ ಸಿಗುವುದು ಬಹಳ ಕಡಿಮೆ. ಅಂಥವರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆಯೆಂದರೆ ಅದೇ ಕೇಕನ್ನು ದುಬಾರಿಯ ಬದಲಿ ಹಿಟ್ಟಿನಿಂದಲೂ ಬಾದಾಮಿಯ ಹಾಲಿನಿಂದಲೂ ಮಾಡಿಕೊಳ್ಳುವುದು. ರುಚಿಯ ದೃಷ್ಟಿಯಿಂದ ಇದು ಎರಡನೆಯ ದಾರಿ ಮಾತ್ರ. ಕರ್ನಾಟಕದ ಕ್ರೈಸ್ತ ಮನೆಗಳ ಹಬ್ಬದ ಅಡುಗೆಯಲ್ಲಿ ಹುಟ್ಟಿನಿಂದಲೇ ಗೋಧಿ, ಹಾಲುಗಳಿಲ್ಲದ ತಿನಿಸುಗಳು ಸಾಕಷ್ಟಿದ್ದು, ಅವುಗಳನ್ನು ಗುರುತಿಸಿ ಆಯ್ದುಕೊಳ್ಳುವುದೇ ಮೊದಲನೆಯ ದಾರಿ ಎಂಬುದು ಈ ಬರಹದ ವಾದ.

ಆಯ್ಕೆಗೆ ಮುನ್ನ ಮೈಗೆ ಒಗ್ಗದಿರುವುದು ಯಾವುದು ಎಂಬುದು ಸ್ಪಷ್ಟವಾಗಬೇಕು. ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿದ್ದು, ಹಿಟ್ಟಿಗೆ ನೀರು ಹಾಕಿ ನಾದಿದಾಗ ಅವೆರಡೂ ಸೇರಿ ಗ್ಲುಟೆನ್ ಎಂಬ ಹಿಗ್ಗುವ ಬಲೆಯಾಗುತ್ತವೆ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು ಈ ಬಲೆಯಿಂದಲೇ, ಕೇಕು ಗಾಳಿಯನ್ನು ಹಿಡಿದುಕೊಂಡು ಉಬ್ಬುವುದಕ್ಕೂ ಇದರ ನೆರವಿದೆ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ಸಮೀಪದ ಪ್ರೋಟೀನುಗಳಿವೆ. ಸೀಲಿಯಾಕ್ ಎಂಬ ಕಾಯಿಲೆ ಇರುವವರಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಗ್ಲುಟೆನ್ ಬಂದಾಗಲೆಲ್ಲ ಸಣ್ಣ ಕರುಳಿನ ಒಳಪದರದ ಮೇಲೆಯೇ ಎರಗಿ, ಆಹಾರವನ್ನು ಹೀರಿಕೊಳ್ಳುವ ನವಿರಾದ ಎಳೆಗಳನ್ನು ಸವೆಸಿಬಿಡುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್‌ಲ್ಯಾಂಡಿನಲ್ಲಿ ರೊಟ್ಟಿಗೆ ಅಭಾವ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದನ್ನು ಗಮನಿಸಿದ ಮಕ್ಕಳ ವೈದ್ಯ ವಿಲಮ್ ಡಿಕ್ಕೆ, ಗೋಧಿಯೇ ಇದಕ್ಕೆ ಕಾರಣವೆಂದು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. 2016ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನವು ಈ ಕಾಯಿಲೆಯನ್ನು ಸೂಚಿಸುವ ರಕ್ತದ ಪ್ರತಿಕಾಯಗಳನ್ನು ಉತ್ತರ ಭಾರತದ ಶೇ 1.23ರಷ್ಟು ಜನರಲ್ಲಿಯೂ ದಕ್ಷಿಣದ ಶೇ 0.10ರಷ್ಟು ಜನರಲ್ಲಿಯೂ ಕಂಡಿತು. ದಕ್ಷಿಣದ ಜನ ತಿನ್ನುವ ಗೋಧಿ ಉತ್ತರದವರದಕ್ಕಿಂತ ಬಹಳ ಕಡಿಮೆ ಎಂಬುದೂ ಇದರ ಜೊತೆಗೆ ನೆನಪಿಡಬೇಕಾದ ಸಂಗತಿ. ಗೋಧಿಯ ಅಲರ್ಜಿ ಮತ್ತು ಸೀಲಿಯಾಕ್ ಅಲ್ಲದ ಗ್ಲುಟೆನ್ ಅಸಹನೆ ಇವೆರಡೂ ಬೇರೆ ಸ್ಥಿತಿಗಳು. ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಟ್ಟವರಲ್ಲಿ ರಕ್ತದ ಪರೀಕ್ಷೆ ಕಾಯಿಲೆಯನ್ನು ತೋರಿಸದೆ ಹೋಗಬಹುದಾದ್ದರಿಂದ, ಪಥ್ಯವನ್ನು ವೈದ್ಯರ ಬಳಿ ಹೋಗಿಬಂದ ಮೇಲೆಯೇ ಹಿಡಿಯುವುದು ಸರಿಯಾದ ಕ್ರಮ.

ಹಾಲಿನ ವಿಷಯದಲ್ಲಿಯೂ ಇಂಥದೇ ಭೇದವಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಹಾಲು ಬಿಟ್ಟ ಮಕ್ಕಳಲ್ಲಿ ಕ್ರಮೇಣ ಕಡಿಮೆಯಾಗುವುದು ಜಗತ್ತಿನ ಬಹುಪಾಲು ಜನರಲ್ಲಿ ಸಹಜವಾಗಿದ್ದು, ಕಿಣ್ವ ಸಾಲದಾದಾಗ ಒಡೆಯದ ಸಕ್ಕರೆ ದೊಡ್ಡ ಕರುಳನ್ನು ಸೇರಿ ಹುದುಗಿ ಹೊಟ್ಟೆಯುಬ್ಬರ, ಭೇದಿಗಳನ್ನು ತರುತ್ತದೆ. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ; ಖೋವಾದಲ್ಲಿ ಅದು ಇನ್ನೂ ಸಾಂದ್ರವಾಗಿರುತ್ತದೆ, ಮೊಸರಿನಲ್ಲಿ ಒಂದಷ್ಟು ಕಡಿಮೆಯಿರುತ್ತದೆ, ಚೆನ್ನಾಗಿ ಕಾಯಿಸಿದ ತುಪ್ಪದಲ್ಲಿ ಬಹುತೇಕ ಇರುವುದೇ ಇಲ್ಲ. ಆದಕಾರಣ ಲ್ಯಾಕ್ಟೋಸ್ ಮಾತ್ರ ಒಗ್ಗದವರಿಗೆ ತುಪ್ಪದ ತಿನಿಸು ಸಾಮಾನ್ಯವಾಗಿ ತೊಂದರೆ ಕೊಡದು. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಮಾತ್ರ ತುಪ್ಪದಿಂದಲೂ ದೂರವಿರಬೇಕಾಗುತ್ತದೆ. ಎರಡು ಅಸಹನೆಗಳೂ ಒಬ್ಬರಲ್ಲಿಯೇ ಕೂಡಿಬರುವುದಕ್ಕೂ ಕಾರಣವಿದೆ: ಲ್ಯಾಕ್ಟೇಸ್ ಹುಟ್ಟುವುದು ಗ್ಲುಟೆನ್ ಸವೆಸುವ ಆ ನವಿರಾದ ಎಳೆಗಳ ತುದಿಯಲ್ಲಿಯೇ ಆದ್ದರಿಂದ ಸೀಲಿಯಾಕ್ ಇರುವವರಿಗೆ ಹಾಲೂ ಸೇರದಂತಾಗಬಹುದು, ಗೋಧಿಯನ್ನು ಬಿಟ್ಟು ಕರುಳು ಮಾಗಿದ ಮೇಲೆ ಹಲವರಿಗೆ ಹಾಲು ಮತ್ತೆ ಒಗ್ಗುವುದೂ ಉಂಟು.

ಈ ತಿಳಿವಳಿಕೆಯೊಡನೆ ಹಬ್ಬದ ತಟ್ಟೆಯನ್ನು ನೋಡಿದರೆ ಅದು ತಾನಾಗಿಯೇ ಎರಡು ಪಾಲಾಗುತ್ತದೆ. ಮಂಗಳೂರಿನ ಕಥೋಲಿಕರು ಕುಸ್ವಾರ್ ಎಂದು ಕರೆಯುವ ಕ್ರಿಸ್‌ಮಸ್ ತಿನಿಸುಗಳ ಸಮೂಹದಲ್ಲಿ ಎಳ್ಳು, ಕೊಬ್ಬರಿಗಳ ಹೂರಣ ತುಂಬಿದ ನೆವ್ರಿ ಮತ್ತು ಗೀರುಗೀರಾಗಿ ಸುರುಳಿ ಸುತ್ತಿದ ಕಿಡಿಯೊ ಸಾಮಾನ್ಯವಾಗಿ ಮೈದಾದವು. ಅಕ್ಕಿಹಿಟ್ಟು ಮತ್ತು ತೆಂಗಿನಿಂದ ಮಾಡಿ ಕರಿಯುವ ಸಣ್ಣ ಗುಂಡುಗಳಾದ ಗುಳಿಯೊ ಹಾಗಲ್ಲ. ಹಳೆಯ ಮೈಸೂರು ಸೀಮೆಯ ಕನ್ನಡ ಕ್ರೈಸ್ತ ಮನೆಗಳ ತಟ್ಟೆಯಲ್ಲಿ ಕರ್ಜಿಕಾಯಿ ಮತ್ತು ಕಲಕಲ ಮೈದಾದ ಪಾಲಿಗೆ ಸೇರಿದರೆ ಕಜ್ಜಾಯವು ಅಕ್ಕಿಯ ಪಾಲಿಗೆ ಸೇರುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳು ಅನುಮಾನದ ಗಡಿಯಲ್ಲಿ ನಿಲ್ಲುತ್ತವೆ: ಮೂಲದಲ್ಲಿ ಅವು ಅಕ್ಕಿಹಿಟ್ಟಿನವೇ ಆದರೂ ಕೋಡುಬಳೆಗೆ ಚಿರೋಟಿ ರವೆ, ನಿಪ್ಪಟ್ಟಿಗೆ ಮೈದಾ, ಚಕ್ಕುಲಿಗೆ ಬೆಣ್ಣೆ ಬೀಳುವುದು ರೂಢಿ. ಚಕ್ಕುಲಿಗೆ ಬೆಣ್ಣೆಯ ಬದಲು ಕಾದ ಎಣ್ಣೆಯನ್ನೋ ಗಟ್ಟಿ ತೆಂಗಿನ ಹಾಲನ್ನೋ ಹಾಕಿದರೆ ಗರಿ ಕೆಡದು.

ಇವುಗಳಲ್ಲಿ ಕಜ್ಜಾಯಕ್ಕೆ ಅಗ್ರಪೀಠ ಸಲ್ಲಬೇಕು. ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಹರವಿ, ಪಸೆ ಪೂರ್ತಿ ಆರುವ ಮೊದಲೇ ಕುಟ್ಟಿ ಜರಡಿಯಾಡಿಸಿ, ಬೆಲ್ಲದ ಉಂಡೆಪಾಕಕ್ಕೆ ಬೆರೆಸಿ, ಒಂದು ದಿನವಾದರೂ ಇಟ್ಟು, ಗಸಗಸೆಯಲ್ಲೋ ಎಳ್ಳಿನಲ್ಲೋ ಅದ್ದಿ ತಟ್ಟಿ ಸಣ್ಣ ಉರಿಯಲ್ಲಿ ಕರಿಯುವ ಈ ತಿನಿಸಿನಲ್ಲಿ ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಪಾಕವೇ ಮಾಡುತ್ತದೆ. ಹಿಟ್ಟಿನಲ್ಲಿ ಉಳಿದ ಪಸೆಯಿಂದ ಅಕ್ಕಿಯ ಪಿಷ್ಟ ಬೆಂದು ಅಂಟಾಗುತ್ತದೆ, ಬೆಲ್ಲದ ಪಾಕ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ನಡುವೆ ಮೆತ್ತಗೂ ಅಂಚಿನಲ್ಲಿ ಗರಿಯಾಗಿಯೂ ಇರುವ ಗುಣ ಇದರಿಂದ ಬರುತ್ತದೆ. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಹರಡಿಹೋಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಆದ್ದರಿಂದ ನೀರಿಗೆ ಬಿಟ್ಟ ಪಾಕದ ಹನಿ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗುವ ಕ್ಷಣವನ್ನು ಹಿಡಿಯುವುದರಲ್ಲಿಯೇ ಕೈಗುಣವೆಲ್ಲ ಅಡಗಿದೆ. ಹಿಟ್ಟು ಸಡಿಲವಾದಾಗ ಗೋಧಿಹಿಟ್ಟು ಸೇರಿಸಿ ಸರಿಪಡಿಸುವ ಅಭ್ಯಾಸ ಕೆಲವೆಡೆ ಇರುವುದರಿಂದ, ಬೇರೆಯವರ ಮನೆಯ ಕಜ್ಜಾಯವನ್ನು ಸೀಲಿಯಾಕ್ ಇರುವವರು ವಿಚಾರಿಸಿಯೇ ತಿನ್ನಬೇಕು. ಮನೆಯಲ್ಲಾದರೆ ಒಣ ಅಕ್ಕಿಹಿಟ್ಟನ್ನು ಒಂದು ಹಿಡಿ ಎತ್ತಿಟ್ಟುಕೊಂಡರೆ ಸಾಕಾಗುತ್ತದೆ. ತುಪ್ಪದಲ್ಲಿ ಕರಿದ ಕಜ್ಜಾಯದ ಪರಿಮಳ ಹೆಚ್ಚೆಂಬುದು ನಿಜವಾದರೂ, ಗಾಣದ ಶೇಂಗಾ ಎಣ್ಣೆಯಲ್ಲಿ ಕರಿದದ್ದರಲ್ಲಿ ಬೆಲ್ಲದ ರುಚಿ ಹೆಚ್ಚು ನಿಚ್ಚಳವಾಗಿ ಮೇಲೆ ಬರುತ್ತದೆ.

ಎರಡನೆಯ ಸ್ಥಾನ ಗುಲಾಬಿ ಹೂವು ಎಂಬ ತಿನಿಸಿನದು. ಅಕ್ಕಿಹಿಟ್ಟು, ಮೊಟ್ಟೆ, ಸಕ್ಕರೆ, ತೆಂಗಿನ ಹಾಲು ಮತ್ತು ಕರಿಎಳ್ಳುಗಳ ತೆಳು ಹಿಟ್ಟಿಗೆ, ಎಣ್ಣೆಯಲ್ಲಿ ಕಾಯಿಸಿದ ಹೂವಿನಾಕಾರದ ಲೋಹದ ಅಚ್ಚನ್ನು ಮೇಲಂಚು ಮುಳುಗದಂತೆ ಅದ್ದಿ ಮತ್ತೆ ಎಣ್ಣೆಗಿಳಿಸಿದಾಗ, ಅಚ್ಚಿನ ಕಾವಿಗೆ ಮೊಟ್ಟೆ ಗಟ್ಟಿಯಾಗಿ ಹೂವಿನ ಆಕಾರ ನಿಲ್ಲುತ್ತದೆ. ಇದಕ್ಕೂ ಮೈದಾ ಬೆರೆಸುವವರಿದ್ದಾರೆ, ಆದರೆ ಮೈದಾ ಹೆಚ್ಚಿದಷ್ಟೂ ಹೂವು ಬೇಗನೆ ಮೆತ್ತಗಾಗುವುದರಿಂದ ಬರಿಯ ಅಕ್ಕಿಯ ಹೂವೇ ಉತ್ತಮ. ಮೂರನೆಯದು ರಾಗಿಯ ಹಾಲುಬಾಯಿ, ಕರಾವಳಿಯಲ್ಲಿ ರಾಗಿ ಮಣ್ಣಿ ಎನಿಸಿಕೊಳ್ಳುವ ತಿನಿಸು: ನೆನೆಸಿದ ರಾಗಿಯನ್ನು ಅರೆದು ಸೋಸಿ ತೆಗೆದ ಹಾಲಿಗೆ ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿಸಿ, ತಳ ಬಿಡುವವರೆಗೆ ಕೈಬಿಡದೆ ತಿರುವಿ ತಟ್ಟೆಗೆ ಸುರಿದು ಬಿಲ್ಲೆಗಳಾಗಿ ಕೊಯ್ಯುವ ಇದಕ್ಕೆ ಐಮಂಗಲದ ಹೊಸ ರಾಗಿಯಷ್ಟು ತಕ್ಕ ಧಾನ್ಯ ಬೇರೊಂದಿಲ್ಲ. ಊಟದ ಕೊನೆಗೆ ಗಸಗಸೆ, ಕಾಯಿ, ಅಕ್ಕಿಗಳನ್ನು ನುಣ್ಣಗೆ ರುಬ್ಬಿ ಬೆಲ್ಲದಲ್ಲಿ ಕುದಿಸಿದ ಗಸಗಸೆ ಪಾಯಸವಿದ್ದರೆ ಹಾಲಿನ ನೆನಪೂ ಬಾರದು. ಗಟ್ಟಿ ತೆಂಗಿನ ಹಾಲು ಹಾಕುವ ಪಾಯಸವಾದರೆ ಅದನ್ನು ಕೊನೆಯಲ್ಲಿ ಸಣ್ಣ ಉರಿಯಲ್ಲಿ ಸೇರಿಸಬೇಕು, ಬಿರುಸಾಗಿ ಕುದಿಸಿದರೆ ಒಡೆಯುತ್ತದೆ.

ಖಾರದ ಊಟದಲ್ಲಿ ಬಯಲುಸೀಮೆಗೆ ಕಷ್ಟವೇ ಇಲ್ಲ. ನಾಟಿಕೋಳಿ ಸಾರು ಮತ್ತು ರಾಗಿಮುದ್ದೆ, ಅವರೆಕಾಳು ಬೆರೆಸಿದ ಮಟನ್ ಸಾರು, ಜೋಳದ ರೊಟ್ಟಿ, ನವಣೆ ಅಥವಾ ಸಾಮೆಯ ಅನ್ನ, ಮಂಗಳೂರಿನವರ ಸಾನ್ನಾಂ ಎಂಬ ಉಬ್ಬಿದ ಅಕ್ಕಿಯ ಇಡ್ಲಿ, ಇವೆಲ್ಲವುಗಳ ಧಾನ್ಯದಲ್ಲಿ ಗ್ಲುಟೆನ್ ಇಲ್ಲ. ಸಾರಿನ ಮಂದಕ್ಕೂ ಕಾಯಿ, ಹುರಿಗಡಲೆ, ಗಸಗಸೆ ಸಾಕು. ಎಚ್ಚರ ಬೇಕಾದದ್ದು ಬಿರಿಯಾನಿಯ ಮೊಸರಿನಲ್ಲಿ, ಮೈದಾ ಇರಬಹುದಾದ ಸಿದ್ಧ ಕಬಾಬ್ ಪುಡಿಯಲ್ಲಿ ಮತ್ತು ಗೋಧಿಯಿಂದ ಮಾಡುವ ಸೋಯಾ ಸಾಸಿನಲ್ಲಿ.

ಕೇಕು ಬೇಕೇ ಬೇಕೆನ್ನುವವರಿಗೂ ದಾರಿಯಿದೆ. ನುಣುಪಾದ ಅಕ್ಕಿಹಿಟ್ಟು, ಸ್ವಲ್ಪ ರಾಗಿಹಿಟ್ಟು ಮತ್ತು ಗೋಡಂಬಿ ಪುಡಿಯನ್ನು ಕೂಡಿಸಿ, ಕೊಬ್ಬರಿ ಎಣ್ಣೆ, ತೆಂಗಿನ ಹಾಲುಗಳಿಂದ ಹದಕ್ಕೆ ತಂದು, ಗ್ಲುಟೆನ್ ಬಲೆಯ ಕೆಲಸವನ್ನು ಚೆನ್ನಾಗಿ ಕಡೆದ ಮೊಟ್ಟೆಗೆ ವಹಿಸಿ, ಪಿಷ್ಟ ನೀರು ಕುಡಿಯುವಂತೆ ಅರ್ಧ ಗಂಟೆ ಬಿಟ್ಟು, ಸಣ್ಣ ಅಚ್ಚುಗಳಲ್ಲಿ ಬೇಯಿಸಿದರೆ ಕೇಕು ನಡುವೆ ಕುಸಿಯುವ ಭಯ ಕಡಿಮೆ. ಅಕ್ಕಿಯ ಕೇಕು ಮೈದಾದ ಕೇಕಿಗಿಂತ ಬೇಗ ಒಣಗುವುದರಿಂದ ರಮ್ಮಿನಲ್ಲಿಯೋ ಕಿತ್ತಳೆ ರಸದಲ್ಲಿಯೋ ನೆನೆಸಿದ ಒಣಹಣ್ಣು ಧಾರಾಳವಾಗಿರಬೇಕು. ಹಣ್ಣು ತಳಕ್ಕಿಳಿಯದಂತೆ ಅದಕ್ಕೆ ಮೈದಾ ಸವರುವ ಅಭ್ಯಾಸವನ್ನು ಇಲ್ಲಿ ಅಕ್ಕಿಹಿಟ್ಟಿಗೆ ಬದಲಿಸಬೇಕು. ಬೆಣ್ಣೆಯ ಬದಲು ತರುವ ಮಾರ್ಗರೀನಿನಲ್ಲಿಯೂ ಹಾಲಿನ ಅಂಶವಿರಬಹುದಾದ್ದರಿಂದ ಅದರ ಚೀಟಿಯನ್ನು ಓದಬೇಕು.

ತಿನಿಸನ್ನು ಸರಿಯಾಗಿ ಆಯ್ದರೂ ಅದು ತಟ್ಟೆಗೆ ಬರುವ ಹಾದಿಯಲ್ಲಿ ಗೋಧಿ ಸೇರಿಕೊಳ್ಳಬಹುದು. ಭಾರತದ ಆಹಾರ ಸುರಕ್ಷತೆಯ ನಿಯಮದಂತೆ ಗ್ಲುಟೆನ್ ಮುಕ್ತವೆಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು, ಅಂದರೆ ಕಣ್ಣಿಗೆ ಕಾಣದಷ್ಟು ಮೈದಾದ ಧೂಳೂ ಲೆಕ್ಕಕ್ಕೆ ಬರುತ್ತದೆ. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಒಳಗೆ ಉಳಿದ ಗೋಧಿಹಿಟ್ಟು ರಾಗಿಯೊಡನೆ ಬರುತ್ತದೆ; ಸೀಲಿಯಾಕ್ ಇರುವ ಮನೆಯವರಿಗೆ ಮನೆಯ ಮಿಕ್ಸಿಯೋ ಬೀಸುಕಲ್ಲೋ ಗೋಧಿ ಬೀಸದ ಗಿರಣಿಯೋ ಹೆಚ್ಚು ನಂಬಿಕೆಯದು. ಅಂಗಡಿಯ ಇಂಗು ಬಹುಮಟ್ಟಿಗೆ ಗೋಂದು ಮತ್ತು ಹಿಟ್ಟು ಬೆರೆತದ್ದಾಗಿದ್ದು ಆ ಹಿಟ್ಟು ಹಲವು ಸಲ ಗೋಧಿಯದೇ ಆಗಿರುತ್ತದೆ. ಓಟ್ಸಿನಲ್ಲಿ ಗ್ಲುಟೆನ್ ಇಲ್ಲವೆಂದರೂ ಗೋಧಿಯೊಡನೆ ಒಂದೇ ಕಾರ್ಖಾನೆಯಲ್ಲಿ ಹಾದುಬಂದಿದ್ದರೆ ಅದು ಸಲ್ಲದು, ಬಾರ್ಲಿ ಮಾಲ್ಟಿನ ಪೇಯಗಳಂತೂ ಸಲ್ಲುವುದೇ ಇಲ್ಲ.

ಆದ್ದರಿಂದ ಹಬ್ಬದ ಅಡುಗೆಮನೆಯಲ್ಲಿ ಪದಾರ್ಥದಷ್ಟೇ ಮುಖ್ಯವಾದದ್ದು ಕೆಲಸದ ಸರದಿ. ಒರೆಸಿದ ಒಲೆಕಟ್ಟೆ, ತೊಳೆದ ಮಣೆ, ಹೊಸ ಎಣ್ಣೆ ಇರುವಾಗಲೇ ಗುಲಾಬಿ ಹೂವು, ಗುಳಿಯೊ, ಕಜ್ಜಾಯಗಳನ್ನು ಕರಿದು ಮುಚ್ಚಳದ ಡಬ್ಬಿಗೆ ತುಂಬಿ, ಆಮೇಲೆ ಮೈದಾದ ಚೀಲವನ್ನು ಬಿಚ್ಚಿದರೆ, ಎರಡು ಬಾಣಲೆಗಳಿಲ್ಲದ ಮನೆಯಲ್ಲಿಯೂ ಕೆಲಸ ಸಾಗುತ್ತದೆ; ಸರದಿ ತಿರುಗುಮುರುಗಾದರೆ ಕರ್ಜಿಕಾಯಿ ಕರಿದ ಎಣ್ಣೆಯಿಂದಲೇ ಅಕ್ಕಿಯ ತಿನಿಸು ಕೆಡುತ್ತದೆ. ನೆರೆಮನೆಗಳಿಗೆ ಹಂಚುವ ತಟ್ಟೆಯಲ್ಲಿಯೂ ಎಲ್ಲವನ್ನೂ ಒಂದರ ಮೇಲೊಂದು ಒಟ್ಟದೆ ಅಕ್ಕಿಯದನ್ನು ಬೇರೆ ಬಟ್ಟಲಿನಲ್ಲಿಟ್ಟು ಅದರಲ್ಲಿ ಏನೇನಿದೆ ಎಂದು ಹೇಳಿ ಕೊಡುವುದು ಲೇಸು. ಗೋಧಿ, ಹಾಲು ಸೇರದ ಅತಿಥಿಯನ್ನು ಬದಿಗೆ ಕರೆದು ಬೇರೆಯದೊಂದನ್ನು ಬಡಿಸುವುದು ಔದಾರ್ಯವೇ ಸರಿ. ಆದರೆ ಪಂಕ್ತಿಯವರೆಲ್ಲ ಮೊದಲು ಕೈಹಾಕುವ ತಿನಿಸೇ ಆ ಅತಿಥಿಗೂ ಸಲ್ಲುವಂಥದಾಗಿದ್ದರೆ ಅಂಥ ಔದಾರ್ಯದ ಅಗತ್ಯವೇ ಬೀಳದು, ಒಳ್ಳೆಯ ಕಜ್ಜಾಯವಿರುವ ಮನೆಯಲ್ಲಿ ಇದು ಕಷ್ಟದ ಮಾತೂ ಅಲ್ಲ.